ದುಭಾಷಿಯ ಪಾಠ ಹೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನಮ್ಮ ನಿವೃತ್ತ ಉಪನ್ಯಾಸಕರ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ನಾನು ಸವಣೂರಿನ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಇಂಥ ಸುದ್ದಿ ಓದಿದಾಗ ಮನುಷ್ಯನಾದವನಿಗೆ ಮೊದಲು ಏನು ಅನ್ನಿಸಬೇಕೋ ಅದು ನನಗೆ ಅನ್ನಿಸಲಿಲ್ಲ. ಸುದ್ದಿಯ ಕೆಳಗೆ ಎಷ್ಟು ಜನ ಬರೆದಿದ್ದಾರೆ ಎಂದು ಬೆರಳಿನಿಂದ ಸರಿಸುತ್ತ ಹೋದೆ. ನಲವತ್ತೊಂದು. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಇನ್ನೂರು ದಾಟಿತ್ತು. ನಾನು ಸತ್ತರೆ ಎಷ್ಟು ಬಂದಾವು ಎಂದು ಲೆಕ್ಕ ಹಾಕಿದೆ. ಚಹಾ ಆರಿ ಹೋಯಿತು. ಆಮೇಲೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಇಪ್ಪತ್ತೆರಡು ವರ್ಷ ನಾವಿಬ್ಬರೂ ಶಿಗ್ಗಾಂವಿಯ ಒಂದೇ ಕಾಲೇಜಿನಲ್ಲಿ ಇತಿಹಾಸ ಕಲಿಸಿದೆವು. ನಾನು ವಿಭಾಗದ ಮುಖ್ಯಸ್ಥ, ಅವರು ನನ್ನ ಕೈಕೆಳಗಿನ ಉಪನ್ಯಾಸಕಿ. ನಮ್ಮದು ಸವಣೂರಿನ ಹಳೆಯ ವೈಷ್ಣವ ಮನೆತನ. ಅಜ್ಜ ತರ್ಕ, ವೇದಾಂತ ಎರಡನ್ನೂ ಪಾಠ ಹೇಳುತ್ತಿದ್ದರು. ಓದು ನಮ್ಮ ಮನೆಗೆ ಹೊಲ ಇದ್ದ ಹಾಗೆ, ಪಿತ್ರಾರ್ಜಿತ. ಅವರು ಹಿರೇಕೆರೂರು ಕಡೆಯ ಹಳ್ಳಿಯವರು. ಅಪ್ಪ ಕಂಡವರ ಹೊಲದಲ್ಲಿ ದುಡಿದವರು. ಮಕ್ಕಳು ಸಣ್ಣವರಿದ್ದಾಗಲೇ ಬೌದ್ಧ ಧರ್ಮ ತಗೊಂಡಿದ್ದರು. ಆ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ನಾನು ಜಾತಿಯ ಮಾತನ್ನು ಬಾಯಲ್ಲಿ ಆಡಿದವನಲ್ಲ, ಅವರ ಜೊತೆ ಕೂತು ಡಬ್ಬಿ ಊಟ ಮಾಡಿದವನು. ಆದರೆ ಅವರು ನನಗಿಂತ ಹೆಚ್ಚು ತಿಳಿದವರು ಎಂದು ಗೊತ್ತಾದ ದಿನ ನನ್ನೊಳಗೆ ಎದ್ದ ಉರಿ ಬರೀ ಸಹೋದ್ಯೋಗಿಯ ಉರಿ ಆಗಿರಲಿಲ್ಲ. ಪಿತ್ರಾರ್ಜಿತ ಹೊಲದಲ್ಲಿ ಬೇರೆಯವರು ಉಳುವುದನ್ನು ಕಂಡವನ ಉರಿ ಅದು. ಈಗಲಾದರೂ ಅದನ್ನು ಬರೆದು ಬಿಡುತ್ತೇನೆ.

ಅವರ ಸಂಶೋಧನೆಯ ವಿಷಯ ವಿಚಿತ್ರವಾದದ್ದು. ನಾನೂರು, ಐನೂರು ವರ್ಷಗಳ ಹಿಂದೆ ಯುರೋಪಿನ ರಾಜರು ತುರ್ಕಿ ಸುಲ್ತಾನರ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳಿಸುತ್ತಿದ್ದರು. ಆ ರಾಯಭಾರಿಗಳು ಕಾಣಿಕೆ ಕೊಟ್ಟು, ಸುಲ್ತಾನ ಹೊದಿಸಿದ ಜರಿ ನಿಲುವಂಗಿ ತೊಟ್ಟು, ಬಾಗಿ ಸಲಾಮು ಮಾಡಿ ಬರುತ್ತಿದ್ದರು. ಅವರ ಪರಿವಾರದಲ್ಲಿ ಗುಮಾಸ್ತನ ವೇಷದ ಎಂಜಿನಿಯರ್ ಒಬ್ಬ ಇರುತ್ತಿದ್ದ. ದಾರಿಯುದ್ದಕ್ಕೂ ಕೋಟೆಯ ಗೋಡೆ ಎಷ್ಟು ದಪ್ಪ, ತೋಪು-ಫಿರಂಗಿ ಎಷ್ಟು, ಬಾವಿ ಎಲ್ಲಿ, ಕುದುರೆಗೆ ಮೇವು ಸಿಗುವ ಊರು ಯಾವುದು ಎಂದು ಕಣ್ಣಿನಲ್ಲೇ ಅಳೆದುಕೊಂಡು, ಬಿಡಾರಕ್ಕೆ ಬಂದು ಬರೆದಿಡುವುದು ಅವನ ಕೆಲಸ. ಮುಂದೆ ಯುದ್ಧವಾದರೆ ಬೇಕಾಗುತ್ತದೆ. ಅಂಥ ವರದಿಗಳನ್ನು ಇವರು ಓದುತ್ತಿದ್ದರು. ಶಿಗ್ಗಾಂವಿಯ ಬಾಡಿಗೆ ಮನೆಯಲ್ಲಿ ಕೂತು ತುರ್ಕಿಯ ಕೋಟೆಗಳ ಬಗ್ಗೆ ಓದುವ ಹೆಂಗಸನ್ನು ಕಂಡು ನಮ್ಮ ಸ್ಟಾಫ್ ರೂಮು ಮೊದಲು ನಕ್ಕಿತು. ಜೋರಾಗಿ ನಕ್ಕವನು ನಾನೇ.

ಎತ್ತರ ಕಡಿಮೆ, ನಡಿಗೆ ಚುರುಕು. ನಡೆಯುವಾಗ ತುಟಿಗಳು ಅಲ್ಲಾಡುತ್ತಿದ್ದವು. ಮಂತ್ರ ಹೇಳಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ಹೆಜ್ಜೆ ಎಣಿಸುತ್ತಿದ್ದರು. ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ಗೇಟಿಗೆ ಸಾವಿರದ ನೂರಾ ಆರು ಹೆಜ್ಜೆ ಎಂದು ಒಮ್ಮೆ ಹೇಳಿದರು. ಯಾರಾದರೂ ಏನಾದರೂ ಖಚಿತವಾಗಿ ಹೇಳಿದರೆ ತಲೆ ಓರೆ ಮಾಡಿ ಕೇಳುವರು: “ಯಾರು ಹೇಳಿದ್ರು? ಅವರಿಗೆ ಯಾರು ಹೇಳಿದ್ರು?” ವಿದ್ಯಾರ್ಥಿಗಳಿಗೂ ಅದೇ, ಪ್ರಿನ್ಸಿಪಾಲರಿಗೂ ಅದೇ. ಕಾಲೇಜಿನಲ್ಲಿ ನಮ್ಮೆಲ್ಲರನ್ನೂ ಸರ್, ಮೇಡಂ ಎನ್ನುತ್ತಿದ್ದ ಮಕ್ಕಳು ಅವರನ್ನು ಮಾತ್ರ ಕನ್ನಡ ಶಾಲೆಯವರ ಹಾಗೆ ‘ಅಕ್ಕೋರು’ ಅನ್ನುತ್ತಿದ್ದರು. ಅದೂ ನನಗೆ ಚುಚ್ಚುತ್ತಿತ್ತು.

ಒಂದು ಸಲ ಬಿ.ಎ. ಎರಡನೇ ವರ್ಷದವರನ್ನು ಹಾನಗಲ್ಲಿಗೆ ಕರೆದುಕೊಂಡು ಹೋದರು. ಮುಖ್ಯಸ್ಥನೆಂದು ನಾನೂ ಹೋಗಬೇಕಾಯಿತು. ಹಳೆಯ ಕೋಟೆಯ ಅಳಿದುಳಿದ ಗೋಡೆಯ ಹತ್ತಿರ ಮಕ್ಕಳನ್ನು ನಿಲ್ಲಿಸಿ, “ಈಗ ನೀವು ರಾಯಭಾರಿಯ ಗುಮಾಸ್ತರು. ಕೈಯಾಗ ಕಾಗದ ಇರಬಾರದು, ಪೆನ್ನು ಇರಬಾರದು. ಒಂದು ಸುತ್ತು ಹಾಕಿ ಬರ್ರಿ. ಗ್ವಾಡಿ ಎಷ್ಟು ಹೆಜ್ಜಿ, ನೀರು ಎಲ್ಲಿ, ತೋಪು ಇಟ್ರ ಎಲ್ಲಿ ಇಡತಿದ್ರು, ಎಲ್ಲಾ ತಲ್ಯಾಗ ಇಟ್ಕೊಂಡು ಬಂದು ಬರೀರಿ” ಎಂದರು. ಮಕ್ಕಳು ಹುಚ್ಚೆದ್ದು ಓಡಿದರು. ನನ್ನ ತರಗತಿಯಲ್ಲಿ ನೋಟ್ಸ್ ಬರೆಯುತ್ತ ಆಕಳಿಸುವ ಮಕ್ಕಳೇ ಇವರು ಎಂದು ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಒಂದು ಮನೆಯ ಮುಂದೆ ಗದ್ದಲವಾಯಿತು. ಕೋಟೆಯ ಗೋಡೆಗೆ ಹೊಂದಿಕೊಂಡಂತೆ ಮನೆ ಕಟ್ಟಿಕೊಂಡಿದ್ದ ಮುದುಕಿ ಒಬ್ಬರು ಅಂಗಳದಲ್ಲಿ ಕೈ ಚಾಚಿ ನಿಂತುಬಿಟ್ಟಿದ್ದರು.

“ಏನ ಅಳಿಯಾಕತ್ತೀರಿ? ನನ್ನ ಮನಿ ಕೆಡವತೀರೇನು?”

“ಇಲ್ಲಬೇ ಅವ್ವ, ಕಾಲೇಜ್ ಹುಡುಗ್ರು, ಪಾಠ ಕಲ್ಯಾಕ ಬಂದೇವಿ,” ಎಂದರು ಇವರು.

“ಅಳಿಯೂದು ಯಾವಾಗಿಂದ ಪಾಠ ಆತು? ಹೋದ ಸಲ ರಸ್ತಾಕ್ಕ ಅಳದು ಹೋದ್ರು, ಎರಡು ಅಂಕಣ ಹೋದುವು.”

ನಾನು ಮಕ್ಕಳನ್ನು ಕರೆದುಕೊಂಡು ಅಲ್ಲಿಂದ ಕಾಲು ಕೀಳುವ ಯೋಚನೆಯಲ್ಲಿದ್ದೆ. ಇವರು ಚಪ್ಪಲಿ ಬಿಟ್ಟು ಆ ಮುದುಕಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ನೀರು ಕೇಳಿ ಕುಡಿದರು. ಹೋದ ಎರಡು ಅಂಕಣದಲ್ಲಿ ಏನೇನು ಇತ್ತು ಎಂದು ಕೇಳಿದರು. ಒಂದು ದನದ ಕೊಟ್ಟಿಗೆ, ಒಂದು ಬಾಣಂತಿ ಕೋಣೆ. ಮಗಳ ಹೆರಿಗೆ ಅಲ್ಲೇ ಆಗಿತ್ತಂತೆ. ಅರ್ಧ ತಾಸಿನ ಮೇಲೆ ಮಕ್ಕಳನ್ನು ಸುತ್ತ ಕೂರಿಸಿ, “ಗ್ವಾಡಿ ಲೆಕ್ಕ ಆಮ್ಯಾಲೆ ಬರೀರಿ. ಮೊದಲ ಈ ಅವ್ವ ಯಾಕ ಅಂಜಿದ್ಲು ಅನ್ನೂದನ್ನ ಬರೀರಿ. ನಾ ಓದಿದ ಯಾವ ವರದಿಯೊಳಗೂ ಇದೊಂದ ಇಲ್ಲ. ಅಳದಾಂವ ಬರದಾನ, ಅಳಿಸಿಕೊಂಡಾಕಿ ಬರದಿಲ್ಲ” ಎಂದರು.

ಆ ಮಾತು ನನಗೆ ಹೊಳೆಯಬೇಕಿತ್ತು ಅಂತ ಬಸ್ಸಿನಲ್ಲಿ ಇಡೀ ದಾರಿ ಅನ್ನಿಸುತ್ತಿತ್ತು. ಮೂವತ್ತು ವರ್ಷ ಇತಿಹಾಸ ಕಲಿಸಿದರೂ ನನ್ನ ಬಾಯಿಂದ ಅಂಥ ಒಂದು ಮಾತು ಬಂದಿಲ್ಲ.

ಯುರೋಪಿನವರ ಮಾತಷ್ಟೇ ಕೇಳಿದರೆ ಒಂದು ಕಣ್ಣು ಮುಚ್ಚಿ ನೋಡಿದ ಹಾಗೆ ಎಂದು ಅವರು ಹಳೆಯ ತುರ್ಕಿ ಲಿಪಿ ಕಲಿಯಲು ಹೊರಟರು. ಸವಣೂರಿನಲ್ಲಿ ನಮ್ಮ ಓಣಿಯ ಕೊನೆಗೆ ಉರ್ದು ಶಾಲೆಯ ನಿವೃತ್ತ ಮಾಸ್ತರರೊಬ್ಬರು ಇದ್ದರು. ಪಾರಸಿ ಬಲ್ಲವರು, ಆಗಿನ ತುರ್ಕಿಯೂ ಹೆಚ್ಚುಕಡಿಮೆ ಅದೇ ಲಿಪಿಯದು. ಲಿಪಿ ಗಟ್ಟಿಯಾದರೆ ಮುಂದಿನದನ್ನು ಪುಸ್ತಕ ಇಟ್ಟುಕೊಂಡು ಕಲಿಯಬಹುದು ಎಂದು ಇವರು ಭಾನುವಾರಕ್ಕೊಮ್ಮೆ ಶಿಗ್ಗಾಂವಿಯಿಂದ ಬಸ್ಸಿಗೆ ಬಂದು, ನಮ್ಮ ಮನೆಯ ಮುಂದೆಯೇ ಹೆಜ್ಜೆ ಎಣಿಸುತ್ತ ಹೋಗುತ್ತಿದ್ದರು. ಮೂರು ವರ್ಷ ಒಂದು ವಾರವೂ ತಪ್ಪಲಿಲ್ಲ. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಬುಧವಾರ ಬುಧವಾರ ನಾನೂ ಗುಟ್ಟಾಗಿ ಮಾಸ್ತರರ ಹತ್ತಿರ ಹೋಗತೊಡಗಿದೆ. ನಾಲ್ಕನೇ ಬುಧವಾರ ಮಾಸ್ತರರು ಪುಸ್ತಕ ಮುಚ್ಚಿ ಹೇಳಿದರು: “ಆಚಾರ್ರ, ಸಿಟ್ಟಾಗಬ್ಯಾಡ್ರಿ. ಆ ಹೆಣ್ಮಗಳು ತಪ್ಪು ಓದಿದ್ರ ನಗ್ತಾಳ. ನೀವು ತಪ್ಪು ಓದಿದ್ರ ನನ್ನ ಕಡೆ ಸಿಟ್ಟಿಲೆ ನೋಡ್ತೀರಿ. ಹಿಂಗಾದ್ರ ಇಲ್ಮು, ವಿದ್ಯಾ, ಹತ್ತೂದಿಲ್ಲ.” ಮತ್ತೆ ನಾನು ಆ ಕಡೆ ಹೋಗಲಿಲ್ಲ.

ಅಕ್ಕೋರ ಹೆಸರು ಸುತ್ತಲಿನ ಹಳ್ಳಿಗಳಿಗೆ ಹಬ್ಬಿದ್ದು ಒಂದು ಪಾಠದಿಂದ. ಮಕ್ಕಳು ಅದನ್ನು ‘ದುಭಾಷಿ ಪಾಠ’ ಎನ್ನುತ್ತಿದ್ದರು. ವೆನಿಸ್ಸಿನ ರಾಯಭಾರಿಯ ಜೊತೆ ಬಂದ ಎಂಜಿನಿಯರ್ ಒಬ್ಬ ದಾರ್ದನೆಲ್ಸ್ ಎಂಬ ಇಕ್ಕಟ್ಟಾದ ಸಮುದ್ರದ ದಾರಿಯನ್ನು ಅಳೆಯಬೇಕಾಗಿತ್ತು. ಎರಡು ದಂಡೆಗೂ ಸುಲ್ತಾನನ ಕೋಟೆಗಳು. ಆ ದಾರಿ ದಾಟಿದರೆ ರಾಜಧಾನಿ. ದೊಡ್ಡ ಹಡಗು ದಂಡೆಯ ಹತ್ತಿರ ಹೋಗಬೇಕಾದರೆ ನೀರು ಎಷ್ಟು ಮಾರು ಆಳ ಇದೆ ಗೊತ್ತಿರಬೇಕು. ಅವನು ತಾನೇ ಹಗ್ಗ ಬಿಟ್ಟರೆ ತಲೆ ಹೋಗುತ್ತದೆ. ಆದ್ದರಿಂದ ಅಲ್ಲಿಯ ದುಭಾಷಿಯನ್ನು ಕರೆದುಕೊಂಡು ಹೋಗಿ ಅಂಬಿಗರನ್ನು ಕೇಳಿ ಬರೆದುಕೊಂಡ. ಆ ವರದಿ ಅಚ್ಚಾಗಿದೆ. ಇವರು ಅದರ ಅಂಕಿಗಳನ್ನು ಮುಂದಿನ ಕಾಲದ ನಕಾಶೆಗಳ ಜೊತೆ ಹೋಲಿಸಿ ನೋಡಿದಾಗ, ಪ್ರತಿಯೊಂದೂ ಮೂರರಲ್ಲಿ ಒಂದು ಪಾಲು ಕಡಿಮೆ! ತಪ್ಪಾಗಿದ್ದರೆ ಒಂದು ಹೆಚ್ಚು, ಒಂದು ಕಡಿಮೆ ಇರಬೇಕಿತ್ತು. ಎಲ್ಲವೂ ಒಂದೇ ಅಳತೆಯಲ್ಲಿ ಕಡಿಮೆ ಎಂದರೆ ನಡುವೆ ಇದ್ದ ದುಭಾಷಿ ಬೇಕೆಂತಲೇ ಕಡಿಮೆ ಹೇಳಿರಬೇಕು. ಆಳ ಸಾಲದೆಂದು ವೈರಿಯ ಹಡಗು ಹತ್ತಿರ ಬಾರದಂತೆ, ತನ್ನ ಊರನ್ನು ಬರೀ ನಾಲಿಗೆಯಿಂದ ಕಾಪಾಡಿರಬೇಕು. ಇದು ಅವರ ಊಹೆ.

ಪಾಠ ಹೇಳುವಾಗ ಎರಡೂ ತೋಳು ಚಾಚಿ ‘ಇದು ಒಂದು ಮಾರು’ ಎಂದು ನಿಲ್ಲುತ್ತಿದ್ದರು. ಗಾಳಿಯಲ್ಲಿ ಹಗ್ಗ ಇಳಿಸುತ್ತಿದ್ದರು. ಬೇರೆ ವಿಭಾಗದ ಮಕ್ಕಳೂ ಬಂದು ಕಿಟಕಿಗೆ ಜೋತು ಬೀಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಅರ್ಧ ಖಾಲಿ ಬೆಂಚುಗಳಿಗೆ ಪಾಠ ಹೇಳುತ್ತಿದ್ದೆ. ಮೊದಮೊದಲು ಅವರು “ಹೇಳಿರಬೇಕು” ಅನ್ನುತ್ತಿದ್ದರು. ವರ್ಷಗಳು ಕಳೆದಂತೆ ಮಕ್ಕಳ ಬಾಯಲ್ಲಿ ಅದು “ಹೇಳಿದ” ಎಂದಾಯಿತು. ನಿಧಾನಕ್ಕೆ ಅವರ ಬಾಯಲ್ಲೂ ಆಯಿತು. ನಾನು ಅದನ್ನು ಗಮನಿಸಿದ್ದೆ, ಹೇಳಲಿಲ್ಲ. ಬೀಳಲಿ ಎಂದು ಕಾಯುವವನು ‘ಹುಷಾರು’ ಅನ್ನುವುದಿಲ್ಲ.

ಹಾಗಿರುವಾಗ, ಅವರು ಇಂಗ್ಲಿಷಿನಲ್ಲಿ ಬರೆದಿದ್ದ ಲೇಖನ ಓದಿ ವೆನಿಸ್ಸಿನಿಂದ ಅವರಿಗೆ ಪತ್ರ ಬಂತು. ಅಲ್ಲೊಂದು ವಿದ್ವಾಂಸರ ಸಭೆ. ನೀವು ಬಂದು ನಿಮ್ಮ ಊಹೆಯನ್ನು ಮಂಡಿಸಿರಿ, ಆ ವರದಿಯ ಕೈಬರಹದ ಮೂಲಪ್ರತಿ ಇಲ್ಲಿಯ ದಫ್ತರಖಾನೆಯಲ್ಲಿದೆ, ಅದನ್ನೂ ತೋರಿಸುತ್ತೇವೆ ಎಂದು. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಟೇಬಲ್ಲಿನ ಹತ್ತಿರ ಬಂದರು. ವಿದೇಶಕ್ಕೆ ಹೋಗಲು ಕಾಲೇಜಿನ ಎನ್‌ಒಸಿ ಬೇಕು. ಅರ್ಜಿ ನನ್ನ ಸಹಿಯಾಗಿ ಪ್ರಿನ್ಸಿಪಾಲರಿಗೆ ಹೋಗಬೇಕು.

“ಸರ, ಮೂಲಪ್ರತಿ ಒಮ್ಮೆ ಕಣ್ಣಿಲೆ ನೋಡಿದ್ರ ಸಾಕ್ರಿ. ನಾ ಹೇಳಾಕತ್ತಿದ್ದು ಖರೇನೋ ಸುಳ್ಳೋ ಗೊತ್ತಾಗ್ತೈತಿ,” ಎಂದರು.

“ಇಟ್ಟು ಹೋಗ್ರಿ ಮೇಡಂ, ನೋಡ್ತೀನಿ,” ಎಂದೆ.

ಅರ್ಜಿಯನ್ನು ನನ್ನ ಟೇಬಲ್ಲಿನ ಎಡಗಡೆಯ ಖಾನೆಯಲ್ಲಿ ಇಟ್ಟೆ. ಇವತ್ತು ಸಹಿ ಮಾಡೋಣ, ನಾಳೆ ಮಾಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಹದಿನೆಂಟು ದಿನ ಅದು ಅಲ್ಲೇ ಇತ್ತು. ದಿನಾ ಆ ಖಾನೆ ತೆರೆದು ನೋಡುತ್ತಿದ್ದೆ. ಅವರು ಮೂರು ಸಲ ಕೇಳಿದರು. ಮೊದಲ ಸಲ “ಪ್ರಿನ್ಸಿಪಾಲರ ಕಡೆ ಹೋಗೇದ್ರಿ” ಎಂದೆ. ಎರಡನೇ ಸಲ “ಮ್ಯಾನೇಜ್‌ಮೆಂಟ್‌ನವರು ನೋಡಲಿಕ್ಕೆ ಹತ್ಯಾರ” ಎಂದೆ. ಮೂರನೇ ಸಲ, “ಎಲ್ಲೋ ಕಳದದ ಕಾಣಸ್ತದರಿ, ಇನ್ನೊಂದು ಬರದು ಕೊಡ್ರಿ” ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಕೋಟೆಯ ಗೋಡೆ ನೋಡುವ ಹಾಗೆ. ಅಲ್ಲೇ ನಿಂತು ಇನ್ನೊಂದು ಅರ್ಜಿ ಬರೆದುಕೊಟ್ಟರು. ಅದಕ್ಕೆ ಆ ಕ್ಷಣವೇ ಸಹಿ ಮಾಡಿದೆ. ಅಷ್ಟರಲ್ಲಿ ವೀಸಾದ ದಿನಗಳು ಮೀರಿದ್ದವು. ಸಭೆ ಅವರಿಲ್ಲದೆ ನಡೆಯಿತು.

ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ನಿದ್ದೆಯೂ ಬಂತು. ಪಶ್ಚಾತ್ತಾಪ ಬಂದದ್ದು ಎಷ್ಟೋ ದಿನಗಳ ಮೇಲೆ, ಅದೂ ಕಾಲು ಭಾಗ. ಅವರು ಮಾತ್ರ ಮರುದಿನವೂ ಹೆಜ್ಜೆ ಎಣಿಸುತ್ತ ಕಾಲೇಜಿಗೆ ಬಂದರು. ನನ್ನ ಜೊತೆ ಮಾತು ಬಿಡಲಿಲ್ಲ. ಡಬ್ಬಿಯಲ್ಲಿ ತಂದ ರೊಟ್ಟಿ ನನ್ನ ಮುಂದೆ ಇಡುವುದನ್ನು ಮಾತ್ರ ನಿಲ್ಲಿಸಿದರು.

ನಾನು ನಿವೃತ್ತನಾದ ದಿನ ಬೀಳ್ಕೊಡುಗೆ ಸಮಾರಂಭ ಇಟ್ಟರು. ವಿಭಾಗದ ಪರವಾಗಿ ಅವರು ಮಾತಾಡಬೇಕು. ನಾನು ಎದೆ ಗಟ್ಟಿ ಮಾಡಿಕೊಂಡು ಕೂತೆ. ಅವರು ಎರಡೇ ನಿಮಿಷ ಮಾತಾಡಿದರು. ನಾನು ಹೊತ್ತಿಗೆ ಸರಿಯಾಗಿ ಬರುತ್ತಿದ್ದೆ, ಮಕ್ಕಳನ್ನು ಬೈಯುತ್ತಿರಲಿಲ್ಲ ಎಂದರು. ಕೊನೆಗೆ, “ಇನ್ನೊಂದು ಮಾತು ಹೇಳಬೇಕ್ರಿ. ನಮ್ಮ ಸರ ಅವರ ಟೇಬಲ್ ಮ್ಯಾಲಿಂದ ಇಷ್ಟು ವರ್ಷದಾಗ ಒಂದು ಕಾಗದನೂ ಕಳದಿಲ್ಲ” ಎಂದು ಕೈಮುಗಿದು ಕೂತರು. ಸಭೆ ಚಪ್ಪಾಳೆ ತಟ್ಟಿತು. ಶಾಲು ಹೊದ್ದುಕೊಂಡು ಕೂತಿದ್ದ ನಾನೂ ತಟ್ಟಿದೆ. ಆ ರಾಯಭಾರಿಗಳ ಸಹವಾಸದಲ್ಲಿ ಅವರು ಇದನ್ನೂ ಕಲಿತಿದ್ದರು.

ಮುಂದೆ ನಾಲ್ಕು ವರ್ಷಕ್ಕೆ ಅವರೂ ನಿವೃತ್ತರಾದರು. ಹಿರೇಕೆರೂರು ಕಡೆಯ ತಮ್ಮ ಊರಿಗೆ ಹೋಗಿ ತಂಗಿಯ ಮನೆಯ ಪಕ್ಕದಲ್ಲಿ ಇದ್ದರು. ಹೋದ ವರ್ಷ ತಂಗಿಯನ್ನೂ ಕರೆದುಕೊಂಡು ಸ್ವಂತ ಖರ್ಚಿನಲ್ಲಿ ವೆನಿಸ್ಸಿಗೆ ಹೋಗಿ ಬಂದರಂತೆ ಎಂದು ಯಾರೋ ಹೇಳಿದರು. ಕೇಳಿದ ದಿನವೆಲ್ಲ ನನಗೆ ಊಟ ಸೇರಲಿಲ್ಲ. ಎಪ್ಪತ್ತರ ಹತ್ತಿರ ಬಂದರೂ ಈ ಉರಿಗೆ ವಯಸ್ಸಾಗುವುದಿಲ್ಲ.

ಒಂದು ವಾರದ ಮೇಲೆ ಅವರೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. ಇಷ್ಟು ವರ್ಷದಲ್ಲಿ ಮೊದಲ ಸಲ. ಬಹಳ ಸೊರಗಿದ್ದರು. ಆಗಲೇ ಕಾಯಿಲೆ ಹಿಡಿದಿತ್ತೋ ಏನೋ, ನಾನು ಕೇಳಲಿಲ್ಲ.

“ಬರ್ರಿ ಮೇಡಂ, ಕೂಡ್ರಿ,” ಎಂದೆ.

ಕೂತವರೇ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಸರ, ಮೂಲಪ್ರತಿ ನೋಡಿ ಬಂದೆ. ಎಲ್ಲಾ ಅಂಕಿ ಸರಿ ಅದಾವ್ರಿ! ಎಂಜಿನಿಯರ್ ತನ್ನ ಕೈಲೆ ಬರದದ್ದು, ಒಂದೂ ತಪ್ಪಿಲ್ಲ. ಅವನ ಊರಾಗ ಅದನ್ನ ಚಂದಗೆ ನಕಲು ಮಾಡಿದಾಂವ ತುರ್ಕಿ ಮಾರನ್ನ ವೆನಿಸ್ಸಿನ ಮಾರಿಗೆ ಬದಲು ಮಾಡೂವಾಗ ಎಡವ್ಯಾನ. ಅಚ್ಚಾಗಿದ್ದು ಆ ನಕಲು.”

“ಮತ್ತ ದುಭಾಷಿ?”

“ದುಭಾಷಿ ದೋಣೀನ ಹತ್ತಿಲ್ರಿ! ನೀರು ಕಂಡ್ರ ವಾಂತಿ ಮಾಡ್ಕೋತಿದ್ನಂತ, ದಂಡ್ಯಾಗ ಕುಂತಿದ್ದ ಅಂತ ಬರದಾನ. ಅಂಬಿಗರ ಕೂಡ ಕೈಸನ್ನಿ ಮಾಡಿ ಕೇಳಿ ಬರಕೊಂಡಾನ. ನನ್ನ ಹೀರೋ ದಂಡಿಮ್ಯಾಲ ವಾಂತಿ ಮಾಡ್ಕೋತ ಕುಂತಿದ್ದ ನೋಡ್ರಿ!”

ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ. ಒಂದು ಜೀವಮಾನದ ಊಹೆ ಮಣ್ಣುಪಾಲಾದ ಸುದ್ದಿಯನ್ನು ಮಗ ಪಾಸಾದ ಸುದ್ದಿಯ ಹಾಗೆ ಹೇಳುತ್ತಿದ್ದರು. ನನ್ನ ಬಾಯಿಂದ ಮಾತು ತಾನಾಗಿ ಬಂತು: “ಮೇಡಂ, ಆ ಅರ್ಜಿ ಕಳದಿರಲಿಲ್ಲ. ನನ್ನ ಖಾನ್ಯಾಗ ಇತ್ತು.”

“ಗೊತ್ತೈತ್ರಿ,” ಎಂದರು. ನಗು ನಿಂತಿತು. “ನಾ ಹೋಗಲಿಲ್ಲ ಅನ್ನೂದಕ್ಕ ಆವಾಗ ಅತ್ತಿದ್ದೆ. ಅದು ಹೋತು. ಈಗ ಬ್ಯಾರೇದ ಸಂಕಟ ಐತ್ರಿ. ಆವಾಗ ಹೋಗಿದ್ರ ಹನ್ನೆರಡು ವರ್ಷ ಹುಡುಗ್ರಿಗೆ ಸುಳ್ಳು ಪಾಠ ಹೇಳತಿರಲಿಲ್ಲ ನಾನು.”

ಅವರು ಚೀಲದಿಂದ ಒಂದು ಪಟ್ಟಿ ತೆಗೆದರು. ಆ ಪಾಠ ಕೇಳಿದ ಮಕ್ಕಳಿಗೆಲ್ಲ ಒಬ್ಬೊಬ್ಬರಿಗೆ ಫೋನ್ ಮಾಡಿ, ‘ನಾ ಹೇಳಿದ್ದು ತಪ್ಪು’ ಎಂದು ತಿಳಿಸುತ್ತ ಬಂದಿದ್ದರು. ಗುಂಪಿಗೆ ಬರೆದರೆ ಯಾರೂ ಓದುವುದಿಲ್ಲ, ಬಾಯಿಂದ ಹೇಳಿದ್ದನ್ನು ಬಾಯಿಂದಲೇ ತಿದ್ದಬೇಕು ಎಂದು ಅವರ ಹಟ. ಅರ್ಧ ಹೆಸರಿಗೆ ಗೀಟು ಬಿದ್ದಿತ್ತು.

“ನನಗ ಭಾಳ ಮಾತಾಡಾಕ ಆಗವಲ್ತು ಸರ. ಸವಣೂರು, ತಡಸ, ಹುಲಗೂರು ಕಡೆಯವರದು ನೀವು ಮಾಡ್ರಿ,” ಎಂದು ಒಂದು ಹಾಳೆ ಹರಿದು ನನ್ನ ಕೈಗೆ ಕೊಟ್ಟರು. ಕ್ಷಮಿಸಿದೆ ಎನ್ನಲಿಲ್ಲ. ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಅವರು ಬದುಕಿದ್ದಾಗ ನಾನು ಒಂದು ಫೋನೂ ಮಾಡಲಿಲ್ಲ. ಅವರ ತಪ್ಪನ್ನು ಲೋಕಕ್ಕೆ ಸಾರುವ ಕೆಲಸ, ಅದೂ ಅವರೇ ಕೊಟ್ಟದ್ದು. ಎಷ್ಟು ವರ್ಷದಿಂದ ಕಾದಿದ್ದೆ! ಆದರೂ ಕೈ ಏಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲು ಇತ್ತಲ್ಲ.

ಆ ಸೋಮವಾರ, ಆರಿದ ಚಹಾ ಚೆಲ್ಲಿ ಬಂದು, ಹಾಳೆ ಹುಡುಕಿ ತೆಗೆದು ಮೊದಲ ನಂಬರಿಗೆ ಫೋನ್ ಮಾಡಿದೆ. ತಡಸದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿ. ಅಕ್ಕೋರು ಹೋದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ನಾನು ದುಭಾಷಿಯ ವಿಷಯ ಹೇಳಿದೆ. ನಕಲು ಮಾಡಿದವನ ತಪ್ಪು ಹೇಳಿದೆ. ವಾಂತಿಯ ಮಾತನ್ನೂ ಬಿಡಲಿಲ್ಲ. ಅರ್ಜಿ ಹದಿನೆಂಟು ದಿನ ನನ್ನ ಖಾನೆಯಲ್ಲಿದ್ದುದನ್ನೂ ಹೇಳಿದೆ.

ಅವನು ಅಂದ: “ಹಂಗೇನ್ರಿ... ನಾ ಅದನ್ನ ನನ್ನ ಮಗಳಿಗೆ ಹೇಳೇನ್ರಿ ಸರ. ಆಕಿ ಸಾಲ್ಯಾಗ ಭಾಷಣದಾಗ ಹೇಳ್ಯಾಳ. ಇವತ್ತ ಸಂಜೀಕ ಆಕಿನ್ನ ಕುಂದ್ರಿಸಿ ತಿದ್ದತೇನಿ.” ಆಮೇಲೆ ಸಂಕೋಚದಿಂದ ಕೇಳಿದ: “ತಪ್ಪು ತಿಳೀಬ್ಯಾಡ್ರಿ ಸರ, ನೀವು ನಮಗ ಏನು ಕಲಸ್ತಿದ್ರಿ?”

ಯಾವ ವರ್ಷ, ಯಾವ ಪೇಪರು ಎಂದು ಹೇಳಿದೆ. “ಹೌದ್ ಹೌದ್ರಿ,” ಎಂದ. ನೆನಪಾಗದವರು ಹೇಳುವ ಹಾಗೆ.

ಅವನ ಹೆಸರಿನ ಮೇಲೆ ಗೀಟು ಎಳೆದು, ಮುಂದಿನ ನಂಬರು ಒತ್ತಿದೆ.